ಮಡಿಲು ತುಂಬುವ ಹೊತ್ತಿಗೆ ಬರುವ ಸಕ್ಕರೆಯ ಚೀಟಿ

ಚೊಚ್ಚಲ ಬಸುರಿಗೆ ಏಳು ತಿಂಗಳು ಸಮೀಪಿಸಿತೆಂದರೆ ಬಳೆ ತೊಡಿಸಿ, ಮಡಿಲು ತುಂಬಿ, ಬಯಕೆಯ ಸಿಹಿತಿಂಡಿಗಳನ್ನು ಮುಂದಿಡುವುದು ನಮ್ಮ ಮನೆಗಳ ವಾಡಿಕೆ. ಗರ್ಭಿಣಿಯ ರಕ್ತದಲ್ಲಿನ ಸಕ್ಕರೆಯನ್ನು ಪರೀಕ್ಷಿಸಬೇಕಾದ ಮುಖ್ಯ ಕಾಲವೂ ಹೆಚ್ಚುಕಡಿಮೆ ಅದೇ ಆಗಿದೆ. ಅಂದರೆ 24ರಿಂದ 28ನೆಯ ವಾರ. ಹೀಗಾಗಿ ಕೈಯಲ್ಲಿ ಹಸಿರು ಬಳೆ ತೊಟ್ಟ ದಿನಗಳಲ್ಲೇ ‘ಸಕ್ಕರೆ ಹೆಚ್ಚಿದೆ’ ಎಂಬ ಚೀಟಿಯನ್ನೂ ಹಿಡಿದು ಮನೆಗೆ ಬರುವ ಹೆಣ್ಣುಮಕ್ಕಳಿದ್ದಾರೆ. “ನಮ್ಮ ವಂಶದಲ್ಲಿ ಯಾರಿಗೂ ಇಲ್ಲದ ಕಾಯಿಲೆ ಇವಳಿಗೆಲ್ಲಿಂದ ಬಂತು?” ಎಂದು ಅತ್ತೆ ಕೇಳಿದರೆ ಸೊಸೆ ಏನು ತಾನೇ ಹೇಳಿಯಾಳು? ಆ ಮಾತಿಗೆ ಅಂಜಿ ಚೀಟಿಯನ್ನೇ ಬಚ್ಚಿಡುವವರುಂಟು. ರೋಗಕ್ಕಿಂತ ಈ ಬಚ್ಚಿಡುವಿಕೆಯೇ ಹೆಚ್ಚು ಅಪಾಯಕರ.

ಈ ಕಾಯಿಲೆಯ ವಿಷಯದಲ್ಲಿ ಜಗತ್ತಿಗೆ ತಿಳಿವಳಿಕೆ ನೀಡಿದ ಊರುಗಳಲ್ಲಿ ನಮ್ಮ ಮೈಸೂರೂ ಒಂದು. ಇದನ್ನು ಬಹುಮಂದಿ ಅರಿಯರು. ಮೆಥೋಡಿಸ್ಟ್ ಮಿಷನ್ನಿನವರು 1906ರಲ್ಲಿ ತೆರೆದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ಜನರು ಇಂದಿಗೂ ಮಿಷನ್ ಆಸ್ಪತ್ರೆ ಎಂದೇ ಕರೆಯುತ್ತಾರೆ. ಅಲ್ಲಿ 1934ರಿಂದ ಹುಟ್ಟಿದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ದಾದಿಯರು ಬರೆದಿಟ್ಟಿದ್ದರು. 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿ, ವಯಸ್ಸಾದ ಮೇಲೂ ಸಮೀಪದಲ್ಲೇ ನೆಲೆಸಿದ್ದವರನ್ನು ಸಂಶೋಧಕರು 1990ರ ದಶಕದಲ್ಲಿ ಹುಡುಕಿ ಪರೀಕ್ಷಿಸಿದರು. ಸುಮಾರು ಐನೂರು ಮಂದಿ ಸಿಕ್ಕರು. ಹುಟ್ಟುವಾಗ ಗಿಡ್ಡಗೆ, ದುಂಡಗೆ ಇದ್ದವರಲ್ಲಿ ಮತ್ತು ತೂಕದ ತಾಯಂದಿರಿಗೆ ಹುಟ್ಟಿದವರಲ್ಲಿ ಮಧುಮೇಹ ಹೆಚ್ಚಾಗಿತ್ತು. ಆ ತಾಯಂದಿರಿಗೆ ಬಸುರಿನಲ್ಲಿ ಸಕ್ಕರೆ ಏರಿದ್ದಿರಬಹುದೇ ಎಂಬ ಸಂದೇಹ ಆಗಲೇ ಮೂಡಿತು. ಅಂದು ದೀಪದ ಬೆಳಕಿನಲ್ಲಿ ಅಳತೆ ಬರೆದ ದಾದಿಗೆ ಅರವತ್ತು ವರ್ಷಗಳ ನಂತರದ ಈ ಪ್ರಶ್ನೆ ಹೊಳೆದಿರಲಾರದು.

ಸಂದೇಹ ಪರಿಹರಿಸಲು 1997-98ರಲ್ಲಿ ಅದೇ ಆಸ್ಪತ್ರೆಗೆ ಬಂದ ಎಂಟುನೂರಕ್ಕೂ ಹೆಚ್ಚು ಗರ್ಭಿಣಿಯರಿಗೆ ಗ್ಲೂಕೋಸ್ ಪರೀಕ್ಷೆ ನಡೆಯಿತು. ನೂರಕ್ಕೆ ಸುಮಾರು ಆರು ಮಂದಿಯಲ್ಲಿ ಗರ್ಭಾವಸ್ಥೆಯ ಮಧುಮೇಹ ಕಂಡುಬಂದಿತು. ಐದು ವರ್ಷಗಳ ನಂತರ ನೋಡಿದಾಗ ಬಸುರಿನಲ್ಲಿ ಸಕ್ಕರೆ ಕಂಡಿದ್ದ ತಾಯಂದಿರಲ್ಲಿ ನೂರಕ್ಕೆ 37 ಮಂದಿ ಮಧುಮೇಹಿಗಳಾಗಿದ್ದರು. ಉಳಿದವರಲ್ಲಿ ಕೇವಲ ಇಬ್ಬರು. ಅವರ ಹೆಣ್ಣುಮಕ್ಕಳ ಮೈಯಲ್ಲಿ ಐದನೆಯ ವಯಸ್ಸಿಗೇ ಕೊಬ್ಬು ಹೆಚ್ಚಾಗಿತ್ತು. ಒಂಬತ್ತೂವರೆ ವರ್ಷವಾಗುವಷ್ಟರಲ್ಲಿ ಗಂಡುಮಕ್ಕಳಲ್ಲೂ ಇನ್ಸುಲಿನ್ನಿನ ಶಕ್ತಿ ಕುಗ್ಗಿದ ಲಕ್ಷಣ ಕಾಣಿಸಿತು. ಚೀಟಿಯನ್ನು ಬಚ್ಚಿಡಬಾರದೆನ್ನಲು ಇಷ್ಟು ಸಾಕು.

ಕಾಯಿಲೆ ಬರುವ ಬಗೆ ಸರಳವಾದುದು. ಮಗುವಿಗೆ ಆಹಾರ ಒದಗಿಸುವ ಮಾಸು ಕೆಲವು ರಸಗಳನ್ನು ಸ್ರವಿಸುತ್ತದೆ; ಅವು ತಾಯಿಯ ಇನ್ಸುಲಿನ್ನಿನ ಶಕ್ತಿಯನ್ನು ಕುಗ್ಗಿಸುತ್ತವೆ. ಮೇದೋಜೀರಕ ಗ್ರಂಥಿ ಹೆಚ್ಚು ಇನ್ಸುಲಿನ್ ಒದಗಿಸಲಾರದೆ ಹೋದಲ್ಲಿ ಸಕ್ಕರೆ ಏರುತ್ತದೆ. ಸಕ್ಕರೆ ಮಾಸನ್ನು ದಾಟಿ ಮಗುವನ್ನು ಸೇರುತ್ತದೆ, ತಾಯಿಯ ಇನ್ಸುಲಿನ್ ದಾಟುವುದಿಲ್ಲ. ಆದ್ದರಿಂದ ಮಗು ತಾನೇ ಇನ್ಸುಲಿನ್ ತಯಾರಿಸಿಕೊಂಡು ಅತಿಯಾಗಿ ಬೆಳೆಯುತ್ತದೆ, ಹೆರಿಗೆ ಕಷ್ಟವಾಗುತ್ತದೆ. ಹೊಕ್ಕುಳುಬಳ್ಳಿ ಕತ್ತರಿಸಿದೊಡನೆ ತಾಯಿಯ ಸಕ್ಕರೆ ನಿಂತು, ಮಗುವಿನ ಇನ್ಸುಲಿನ್ ಮಾತ್ರ ಉಳಿದು, ಶಿಶುವಿನ ರಕ್ತದಲ್ಲಿ ಸಕ್ಕರೆ ಒಮ್ಮೆಲೇ ಕುಸಿಯುವುದೂ ಉಂಟು. ಇದರಲ್ಲಿ ತಾಯಿ ಮಾಡಿದ ಅಪರಾಧವೇನೂ ಇಲ್ಲ, ಅತ್ತೆಯವರು ಗಮನಿಸಬೇಕು.

ಕೇಂದ್ರ ಸರಕಾರದ 2014ರ ಮತ್ತು 2018ರ ಮಾರ್ಗಸೂಚಿಗಳ ಪ್ರಕಾರ ಪ್ರತಿ ಗರ್ಭಿಣಿಗೂ ಮೊದಲ ಭೇಟಿಯಲ್ಲೊಮ್ಮೆ, ಮತ್ತೆ 24ರಿಂದ 28ನೆಯ ವಾರದಲ್ಲೊಮ್ಮೆ ಈ ಪರೀಕ್ಷೆ ಆಗಬೇಕು. ಬರಿಹೊಟ್ಟೆಯಲ್ಲಿ ಬರಬೇಕೆಂಬ ನಿಯಮವಿಲ್ಲ. 75 ಗ್ರಾಂ ಗ್ಲೂಕೋಸನ್ನು ನೀರಿನಲ್ಲಿ ಕದಡಿ ಕುಡಿಸಿ, ಎರಡು ಗಂಟೆಯ ನಂತರ ರಕ್ತ ನೋಡುತ್ತಾರೆ, 140 ಮಿ.ಗ್ರಾಂ ಅಥವಾ ಹೆಚ್ಚಿದ್ದರೆ ಮಧುಮೇಹವೆಂದು ತಿಳಿಯುತ್ತಾರೆ. ಕಾಡಂಚಿನ ಎನ್. ಬೇಗೂರಿನಂಥ ಊರಿನಿಂದ ಬಸ್ಸು ಹಿಡಿದು ಬರುವವಳಿಗೆ ಉಪವಾಸವಿಲ್ಲದ ಪರೀಕ್ಷೆ ದೊಡ್ಡ ಉಪಕಾರ. 2016ರಿಂದ ಪ್ರತಿ ತಿಂಗಳ 9ರಂದು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ಉಚಿತ ತಪಾಸಣೆಯ ಏರ್ಪಾಟಿದೆ. ತಾಯಿ ಕಾರ್ಡನ್ನು ಮರೆಯದೆ ಒಯ್ಯುವುದು.

ಚಿಕಿತ್ಸೆ ಊಟದಿಂದಲೇ ಆರಂಭವಾಗುತ್ತದೆ. ‘ಬಸುರಿ ಇಬ್ಬರ ಊಟ ಉಣ್ಣಬೇಕು’ ಎಂಬ ಮಾತನ್ನು ಇಲ್ಲಿ ಬದಿಗಿಡಬೇಕು. ಹಾಗೆಂದು ಅರೆಹೊಟ್ಟೆಯಲ್ಲಿರುವುದೂ ಸಲ್ಲದು. ನಮ್ಮ ಹುಣಸೂರು, ಕೋಟೆ ಸೀಮೆಯಲ್ಲಿ ರಾಗಿ ಸಕ್ಕರೆ ಕಾಯಿಲೆಗೆ ಮದ್ದೆಂಬ ನಂಬಿಕೆ ಬಲವಾಗಿದೆ. ರಾಗಿ ಒಳ್ಳೆಯ ಧಾನ್ಯವೇ ಸರಿ, ಆದರೆ ಅದೂ ಪಿಷ್ಟವೇ. ಎರಡು ದೊಡ್ಡ ಮುದ್ದೆಯ ಮೇಲೊಂದಿಷ್ಟು ಅನ್ನ ಉಂಡರೆ ಸಕ್ಕರೆ ಏರದಿರದು. ಬೆಲ್ಲ ಹಾಕಿದ ರಾಗಿ ಗಂಜಿಯಂತೂ ಬೇಡ. ಮುದ್ದೆ ಚಿಕ್ಕದಾಗಲಿ, ಸೊಪ್ಪಿನ ಸಾರು, ಹುರುಳಿ, ಅವರೆ, ಮೊಟ್ಟೆ, ಮೀನು ಹೆಚ್ಚಲಿ. ಮೂರು ಹೊತ್ತಿನ ಊಟವನ್ನು ಐದಾರು ಸಲಕ್ಕೆ ಹಂಚಿಕೊಳ್ಳಲಿ. ಊಟದ ನಂತರ ನಡೆದಾಡುವುದು ಉತ್ತಮ. ಆನೆ ಇಳಿಯುವ ಊರುಗಳಲ್ಲಿ ಮುಸ್ಸಂಜೆಯ ನಡಿಗೆ ಆಗದ ಮಾತು. ಹಗಲೂಟದ ನಂತರ ಅಂಗಳದಲ್ಲೇ ಅಡ್ಡಾಡಿದರೂ ಸಾಕು.

ಎರಡು ವಾರದ ಪಥ್ಯದ ನಂತರವೂ ಉಂಡ ಎರಡು ಗಂಟೆಗೆ ಸಕ್ಕರೆ 120ಕ್ಕಿಂತ ಕೆಳಗಿಳಿಯದಿದ್ದರೆ ವೈದ್ಯರು ಮಾತ್ರೆಯನ್ನೋ ಇನ್ಸುಲಿನ್ನನ್ನೋ ಕೊಡುತ್ತಾರೆ. ‘ಸೂಜಿ ಹಿಡಿದರೆ ಜೀವಮಾನವೆಲ್ಲ ಸೂಜಿ’ ಎಂಬ ಭಯಕ್ಕೆ ಆಧಾರವಿಲ್ಲ. ಬಹುಪಾಲು ತಾಯಂದಿರಿಗೆ ಹೆರಿಗೆಯೊಡನೆ ಅದು ನಿಲ್ಲುತ್ತದೆ. ಫ್ರಿಜ್ ಇಲ್ಲದ ಮನೆಯಲ್ಲಿ ಔಷಧದ ಸೀಸೆಯನ್ನು ನೀರು ತಾಗದಂತೆ ಚೀಲದಲ್ಲಿ ಕಟ್ಟಿ, ತಣ್ಣೀರಿನ ಮಣ್ಣಿನ ಮಡಕೆಯಲ್ಲಿಡಬಹುದು. ಇಂಥ ಗರ್ಭಿಣಿಯ ಹೆರಿಗೆ ಆಸ್ಪತ್ರೆಯಲ್ಲಿಯೇ ಆಗಬೇಕು. ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯೋ, ಮೈಸೂರಿನ ಚೆಲುವಾಂಬ ಆಸ್ಪತ್ರೆಯೋ, ಎಲ್ಲಿಗೆ, ಯಾವ ವಾಹನದಲ್ಲಿ, ಯಾರ ಜೊತೆಯಲ್ಲಿ ಎಂಬುದನ್ನು ಎಂಟನೆಯ ತಿಂಗಳಿನಲ್ಲೇ ಗಂಡನು ನಿಶ್ಚಯಿಸಿಡತಕ್ಕದ್ದು.

ನಮ್ಮ ಸಭೆಯ ಕೆಲವು ತಾಯಂದಿರಲ್ಲಿ ಇನ್ನೊಂದು ಅಳುಕು ಇದೆ. ತಪಸ್ಸು ಕಾಲದಲ್ಲಿ ಉಪವಾಸ ಬಿಟ್ಟರೆ ಪಾಪವೆಂದು ತಿಳಿದು, ವಿಭೂತಿ ಬುಧವಾರವೂ ಶುಭ ಶುಕ್ರವಾರವೂ ಹಸಿದಿರುತ್ತಾರೆ. ಇನ್ಸುಲಿನ್ ಚುಚ್ಚಿಸಿಕೊಂಡು ಹಸಿದಿದ್ದರೆ ಸಕ್ಕರೆ ತೀರ ಇಳಿದು ಪ್ರಜ್ಞೆ ತಪ್ಪಬಹುದು. ಗರ್ಭಿಣಿಯರಿಗೂ ಹಾಲೂಡಿಸುವವರಿಗೂ ಉಪವಾಸದಿಂದ ವಿನಾಯಿತಿ ಇರುವುದು ಹಿಂದಿನಿಂದ ಬಂದ ರೂಢಿ. ಪರಮಪ್ರಸಾದಕ್ಕೆ ಮುಂಚಿನ ಒಂದು ಗಂಟೆಯ ಉಪವಾಸದ ವಿಷಯದಲ್ಲೂ 1983ರ ಧರ್ಮಸಭಾ ಕಾನೂನಿನ 919ನೆಯ ವಿಧಿ ಸ್ಪಷ್ಟವಾಗಿದೆ: ನೀರು, ಔಷಧಗಳಿಗೆ ನಿರ್ಬಂಧವಿಲ್ಲ, ಅಸ್ವಸ್ಥರು ಆ ಗಂಟೆಯೊಳಗೆ ಏನಾದರೂ ಸೇವಿಸಿದ್ದರೂ ಪ್ರಸಾದ ಸ್ವೀಕರಿಸಬಹುದು. ಪೂಜೆಯ ನಡುವೆ ಬೆವರಿ ಕೈ ನಡುಗಿದರೆ ಹೊರಗೆ ಬಂದು ಒಂದು ಚಮಚ ಸಕ್ಕರೆ ಬಾಯಿಗೆ ಹಾಕಿಕೊಳ್ಳಲು ಯಾವ ತಾಯಿಯೂ ನಾಚಬೇಕಾಗಿಲ್ಲ.

ಹೆರಿಗೆಯಾದ ಒಂದು ಗಂಟೆಯೊಳಗೆ ಮಗುವಿಗೆ ಎದೆಹಾಲು ಕೊಡುವುದು, ಶಿಶುವಿನ ರಕ್ತದ ಸಕ್ಕರೆಯನ್ನು ನೋಡಿಸುವುದು ಅಗತ್ಯ. ಬಾಣಂತಿಗೆ ಅಂಟಿನ ಉಂಡೆ, ಬೆಲ್ಲ, ತುಪ್ಪಗಳ ವಿಚಾರದಲ್ಲಿ ಅಜ್ಜಿಯರು ಕೈ ಹಿಡಿಯಲಿ. ಆರು ವಾರಕ್ಕೆ ತಾಯಿಯ ಸಕ್ಕರೆಯನ್ನು ಮತ್ತೊಮ್ಮೆ ಪರೀಕ್ಷಿಸಬೇಕೆಂದಿದೆ. ಬಹುಮಂದಿ ತಪ್ಪಿಸಿಕೊಳ್ಳುವುದು ಇದನ್ನೇ. ಮಗುವಿಗೆ ಆರನೆಯ ವಾರದ ಲಸಿಕೆ ಹಾಕಿಸಲು ಹೇಗೂ ಆಸ್ಪತ್ರೆಗೆ ಹೋಗುತ್ತೀರಿ; ಅದೇ ದಿನ ತಾಯಿಯ ರಕ್ತವನ್ನೂ ಕೊಟ್ಟು ಬರಬಹುದು.