ಕುಡಿತ ಚಟವಾಗುವ ಮುನ್ನ

ಮದ್ಯ ನಿಷೇಧಕ್ಕೆ ಆಗ್ರಹಿಸಿ 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದ ಸಾವಿರಾರು ಮಹಿಳೆಯರಲ್ಲಿ ರಾಯಚೂರು ಜಿಲ್ಲೆಯವರು ಮುಂಚೂಣಿಯಲ್ಲಿದ್ದರು. ಕಿರಾಣಿ ಅಂಗಡಿಗಳಲ್ಲಿ ಕದ್ದುಮುಚ್ಚಿ ಮಾರುವ ಮದ್ಯದ ಪೊಟ್ಟಣ ಅವರ ಸಂಸಾರಗಳನ್ನು ಹಾಳುಗೆಡವಿತ್ತು.

ಅದೇ ಜಿಲ್ಲೆಯ ದೇವದುರ್ಗ, ಮಾನ್ವಿಯ ಹಳ್ಳಿಗಳಿಂದ ರಾಯಚೂರಿನ ಹಾಸ್ಟೆಲ್, ಬಾಡಿಗೆ ಕೋಣೆ ಸೇರುವ ವಿದ್ಯಾರ್ಥಿಗೆ ಮನೆಯವರ ಕಣ್ಣು ದೂರ, ಗೆಳೆಯರ ಒತ್ತಾಯ ಹತ್ತಿರ. ಸಂಯಮ, ವಿವೇಚನೆಯನ್ನು ನೋಡಿಕೊಳ್ಳುವ ಮಿದುಳಿನ ಮುಂಭಾಗ ಸುಮಾರು 25ನೇ ವಯಸ್ಸಿನವರೆಗೂ ಬೆಳೆಯುತ್ತಿರುತ್ತದೆ. ಹಾಗಾಗಿಯೇ ಬೇಗ ಶುರುವಾದ ಕುಡಿತ ಚಟವಾಗುವ ಅಪಾಯ ಹೆಚ್ಚು.

ಮದ್ಯ ಖರೀದಿಯ ವಯಸ್ಸನ್ನು 21ರಿಂದ 18ಕ್ಕೆ ಇಳಿಸುವ ಕರಡು ನಿಯಮವನ್ನು 2023ರ ಜನವರಿಯಲ್ಲಿ ರಾಜ್ಯ ಸರ್ಕಾರ ವಿರೋಧಕ್ಕೆ ಮಣಿದು ಕೈಬಿಟ್ಟಿತು.

ಕಾನೂನೊಂದೇ ಸಾಲದು. ತರಗತಿ ತಪ್ಪಿಸುವ, ಪದೇ ಪದೇ ಕೈಸಾಲ ಕೇಳುವ ಹುಡುಗನನ್ನು ಉಪನ್ಯಾಸಕರು ಹೊರಹಾಕದೆ ಕೂರಿಸಿಕೊಂಡು ಮಾತಾಡಿಸಬೇಕು. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮನಸ್‌ನ 14416ಕ್ಕೆ ಹಗಲಿರುಳು ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಆಪ್ತಸಲಹೆ ಪಡೆಯಬಹುದು.