ಗಿಣ್ಣು ಹಾಲು ಕುಡಿದರೆ ಮೇಕೆ ಮರಿಗೆ ಭೇದಿಯಾಗುತ್ತದೆಯೇ?

“ಈದ ದಿನ ಮರಿಗೆ ಗಿಣ್ಣು ಕುಡಿಸಬೇಡಿ, ಭೇದಿ ಹತ್ತಿಕೊಳ್ಳುತ್ತದೆ. ಸತ್ತೆ (ಮಾಸು) ಬಿದ್ದ ಮೇಲೆ ಮಾತ್ರ ಮೊಲೆಗೆ ಬಿಡಿ.” ಈ ಮಾತನ್ನು ಹಿರಿಯರಿಂದ ಕೇಳಿರುತ್ತೀರಿ, ನಿಮ್ಮ ವಾಟ್ಸ್ಆಪ್‌ಗೂ ಬಂದಿರಬಹುದು. ಮನೆಯಲ್ಲಿ ಮುದ್ದಿಗೆಂದು ಒಂದೆರಡು ಮರಿ ಸಾಕುವವರೂ ಇದನ್ನು ನಂಬುತ್ತಾರೆ. ಇದು ನಿಜವೇ?

ಉತ್ತರ: ಸುಳ್ಳು. ಈ ನಂಬಿಕೆಯಿಂದ ಮರಿಯ ಜೀವಕ್ಕೇ ಅಪಾಯ.

ಗಿಣ್ಣು ಏಕೆ ಬೇಕು?

ಮನುಷ್ಯರ ಮಗುವಿಗೆ ಗರ್ಭದಲ್ಲೇ ತಾಯಿಯಿಂದ ರೋಗ ತಡೆಯುವ ಪ್ರತಿಕಾಯಗಳು ಸಿಗುತ್ತವೆ. ಮೇಕೆಯಲ್ಲಿ ಹಾಗಲ್ಲ. ಮಾಸಿನ ರಚನೆಯೇ ಬೇರೆಯಾದ್ದರಿಂದ ಮರಿ ರೋಗನಿರೋಧಕ ಶಕ್ತಿ ಹೆಚ್ಚುಕಡಿಮೆ ಇಲ್ಲದೆಯೇ ಹುಟ್ಟುತ್ತದೆ. ಆ ಪ್ರತಿಕಾಯಗಳು ತುಂಬಿರುವುದು ಗಿಣ್ಣಿನಲ್ಲಿ.

ಆದರೆ ಸಮಯ ಕಡಿಮೆ. ಹುಟ್ಟಿದಾಗ ಮರಿಯ ಕರುಳು ಪ್ರತಿಕಾಯಗಳನ್ನು ಹಾಗೆಯೇ ರಕ್ತಕ್ಕೆ ಬಿಟ್ಟುಕೊಳ್ಳುತ್ತದೆ. ಗಂಟೆ ಕಳೆದಂತೆ ಈ ಬಾಗಿಲು ಮುಚ್ಚುತ್ತಾ ಬರುತ್ತದೆ. ಸುಮಾರು 24 ಗಂಟೆಯ ಹೊತ್ತಿಗೆ ಪೂರ್ತಿ ಮುಚ್ಚಿಕೊಳ್ಳುತ್ತದೆ. ನಾಳೆ ಎಷ್ಟು ಕುಡಿಸಿದರೂ ಇಂದಿನ ನಷ್ಟ ತುಂಬುವುದಿಲ್ಲ.

ಸತ್ತೆ ಬೀಳುವವರೆಗೆ ಕಾಯಬೇಕೇ?

ಬೇಡ. ಸತ್ತೆ ಬೀಳಲು ಹಲವು ಗಂಟೆ ಹಿಡಿಯಬಹುದು. ಮರಿ ಮೊಲೆ ಚೀಪಿದಾಗ ತಾಯಿಯಲ್ಲಿ ಆಕ್ಸಿಟೋಸಿನ್ ಹಾರ್ಮೋನು ಬಿಡುಗಡೆಯಾಗಿ ಗರ್ಭಕೋಶ ಸಂಕುಚಿಸುತ್ತದೆ. ಅಂದರೆ ಹಾಲು ಕುಡಿಸುವುದರಿಂದಲೇ ಸತ್ತೆ ಬೀಳಲು ಸಹಾಯ! 12 ಗಂಟೆ ಕಳೆದರೂ ಬೀಳದಿದ್ದರೆ ಎಳೆಯಬೇಡಿ, ಪಶುವೈದ್ಯರನ್ನು ಕರೆಯಿರಿ.

ಎಷ್ಟು, ಹೇಗೆ ಕುಡಿಸಬೇಕು?

- ಹುಟ್ಟಿದ ಒಂದೆರಡು ಗಂಟೆಯೊಳಗೆ ಮೊದಲ ಗಿಣ್ಣು ಹೊಟ್ಟೆಗೆ ಹೋಗಬೇಕು.
- ಮೊದಲ ದಿನ ಮರಿಯ ತೂಕದ ಸುಮಾರು 10ನೇ ಒಂದು ಭಾಗ ಕೊಡಿ. 2 ಕೆಜಿ ಮರಿಗೆ 200 ಮಿ.ಲೀ., ಮೂರು ನಾಲ್ಕು ಸಲವಾಗಿ.
- ತಾಯಿ ಸತ್ತಿದ್ದರೆ ಅಥವಾ ಹಾಲು ಇಲ್ಲದಿದ್ದರೆ ಆಗಷ್ಟೇ ಈದ ಬೇರೆ ಮೇಕೆಯ ಗಿಣ್ಣು ಕೊಡಿ. ಅದೂ ಸಿಗದಿದ್ದರೆ ಹಸುವಿನ ಗಿಣ್ಣು.
- ಗಿಣ್ಣನ್ನು ಕುದಿಸಬೇಡಿ. ಕಾಯಿಸಿದಾಗ ಅದು ಗಟ್ಟಿಯಾಗುವುದು ಅದರಲ್ಲಿರುವ ಪ್ರೋಟೀನಿನಿಂದ. ಪ್ರತಿಕಾಯಗಳೂ ಪ್ರೋಟೀನೇ, ಬಿಸಿಗೆ ಕೆಡುತ್ತವೆ. ಬಿಸಿನೀರಿನ ಪಾತ್ರೆಯಲ್ಲಿಟ್ಟು ಉಗುರುಬೆಚ್ಚಗೆ ಮಾಡಿದರೆ ಸಾಕು.
- ಬಾಟಲಿಯಲ್ಲಿ ಕೊಡುವಾಗ ಮರಿ ನಿಂತಿರಲಿ, ತಲೆ ತುಸು ಮೇಲಿರಲಿ. ಮಗುವಿನಂತೆ ಮಲಗಿಸಿ ಕುಡಿಸಿದರೆ ಹಾಲು ಶ್ವಾಸಕೋಶಕ್ಕೆ ಹೋಗಬಹುದು.
- ಬಾಯಿ ತಣ್ಣಗಿದ್ದು ಚೀಪುವ ಶಕ್ತಿಯಿಲ್ಲದ ಮರಿಗೆ ಬಲವಂತವಾಗಿ ಹಾಲು ಹಾಕಬೇಡಿ. ಮೊದಲು ಮೈ ಒರೆಸಿ ಬೆಚ್ಚಗೆ ಮಾಡಿ, ವೈದ್ಯರಿಗೆ ತೋರಿಸಿ.
- ಹೊಕ್ಕುಳಬಳ್ಳಿಗೆ ಟಿಂಚರ್ ಅಯೋಡಿನ್ ಹಚ್ಚಿ. ಸಗಣಿ, ಬೂದಿ ಹಚ್ಚಬೇಡಿ.

ಹಾಗಾದರೆ ಭೇದಿ ಏಕೆ?

ಗಿಣ್ಣು ಕುಡಿದ ಮರಿಯ ಹಿಕ್ಕೆ ಹಳದಿಯಾಗಿ ಅಂಟಂಟಾಗಿರುವುದು ಸಹಜ. ಅದನ್ನೇ ಭೇದಿ ಎಂದುಕೊಂಡು ಈ ನಂಬಿಕೆ ಬಂದಿರಬಹುದು. ನಿಜವಾದ ಭೇದಿಗೆ ಕೊಳಕು ಬಾಟಲಿ, ಒದ್ದೆ ನೆಲ, ಒಮ್ಮೆಲೇ ಅತಿ ಹಾಲು, ಸೋಂಕು ಕಾರಣ. ಭೇದಿಯಾದರೆ ಹಾಲು ಪೂರ್ತಿ ನಿಲ್ಲಿಸಬೇಡಿ. ನಡುನಡುವೆ ಓಆರ್‌ಎಸ್ ನೀರು ಕೊಡಿ. ರಕ್ತ ಕಂಡರೆ ಅಥವಾ ಮರಿ ನಿಲ್ಲಲಾಗದಿದ್ದರೆ ತಡಮಾಡದೆ ವೈದ್ಯರ ಬಳಿಗೆ ಹೋಗಿ.

‘ಆಡು ಮುಟ್ಟದ ಸೊಪ್ಪಿಲ್ಲ’, ಆದರೆ...

ಎರಡು ವಾರದಿಂದ ಎಳೆ ಸೊಪ್ಪು, ಒಣಹುಲ್ಲು ರುಚಿ ನೋಡಲು ಬಿಡಿ. ಹಾಲನ್ನು ಎರಡು ಮೂರು ತಿಂಗಳವರೆಗೆ ಮುಂದುವರಿಸಿ. ಪ್ರೀತಿಯಿಂದ ಅನ್ನ, ಮುದ್ದೆ, ಬ್ರೆಡ್ ತಿನ್ನಿಸಬೇಡಿ. ಪಿಷ್ಟ ಹೆಚ್ಚಾದರೆ ಹೊಟ್ಟೆಯಲ್ಲಿ ಆಮ್ಲ ಏರುತ್ತದೆ, ಕರುಳುಬೇನೆ (ಇ.ಟಿ.) ಬಂದು ಮರಿ ಏಕಾಏಕಿ ಸಾಯಬಹುದು. ಕಣಗಿಲೆ, ಲಂಟಾನ, ಎಳೆಯ ಜೋಳದ ಪೈರು ವಿಷ.

ಗಿಣ್ಣು ಕೊಟ್ಟ ರಕ್ಷಣೆ ಕೆಲವು ತಿಂಗಳಲ್ಲಿ ಕರಗುತ್ತದೆ. ಆಗ ಪಿಪಿಆರ್ (ಆಡುಗಳ ಪ್ಲೇಗ್) ಮತ್ತು ಕರುಳುಬೇನೆಯ ಲಸಿಕೆ, ಜಂತುನಾಶಕ ಬೇಕು. ಯಾವಾಗ, ಎಷ್ಟು ಎಂಬುದನ್ನು ಹತ್ತಿರದ ಪಶು ಆಸ್ಪತ್ರೆಯಲ್ಲಿ ಕೇಳಿ. ಕರ್ನಾಟಕದಲ್ಲಿ ತುರ್ತು ಸಹಾಯಕ್ಕೆ 1962ಕ್ಕೆ ಕರೆ ಮಾಡಬಹುದು.

ಒಟ್ಟಿನಲ್ಲಿ: ಗಿಣ್ಣು ಮರಿಯ ಮೊದಲ ಲಸಿಕೆ ಇದ್ದಂತೆ. ಮರಿಗೆ ಕುಡಿಸಿ ಉಳಿದದ್ದರಲ್ಲಿ ಮನೆಯವರಿಗೆ ಗಿಣ್ಣದ ಸಿಹಿ ಮಾಡಿ. ಹಳೆಯ ಫಾರ್ವರ್ಡ್ ಮತ್ತೆ ಬಂದರೆ ಅದಕ್ಕೆ ಉತ್ತರವಾಗಿ ಇದನ್ನು ಕಳಿಸಿ.