ನ್ಯೂ ಬೆಲ್‌ಗ್ರೇಡ್: ನಕ್ಷೆಯಲ್ಲಿದ್ದದ್ದು ಒಂದು, ನೆಲದ ಮೇಲೆ ಎದ್ದದ್ದು ಇನ್ನೊಂದು

ಸರ್ಬಿಯಾದ ರಾಜಧಾನಿ ಬೆಲ್‌ಗ್ರೇಡ್‌ನ ಹಳೇ ಊರಿನಿಂದ ಸಾವಾ ನದಿ ದಾಟಿದರೆ ನ್ಯೂ ಬೆಲ್‌ಗ್ರೇಡ್. ಅಗಲವಾದ ರಸ್ತೆಗಳು, ಹೆಸರಿನ ಬದಲು ನಂಬರು ಹೊತ್ತ ಬ್ಲಾಕುಗಳು, ಸಾಲು ಸಾಲು ಕಾಂಕ್ರೀಟ್ ಅಪಾರ್ಟ್‌ಮೆಂಟುಗಳು. 2022ರ ಜನಗಣತಿಯಂತೆ ಇಲ್ಲಿ 2 ಲಕ್ಷಕ್ಕೂ ಹೆಚ್ಚು ಜನರಿದ್ದಾರೆ. ಸರ್ಕಾರ ನಕ್ಷೆ ಬರೆಸಿತು, ಊರು ಹಾಗೇ ಎದ್ದಿತು ಎಂದು ನೋಡಿದವರಿಗೆ ಅನಿಸುತ್ತದೆ. ನಡೆದದ್ದು ಬೇರೆ.

ತಪ್ಪು ಕಲ್ಪನೆ: ಬರೀ ಖಾಲಿ ಜೌಗಿನ ಮೇಲೆ ಕಟ್ಟಿದ ಊರಿದು.

ಸತ್ಯ: ಜೌಗು ಇದ್ದದ್ದು ನಿಜ. ಆಟೊಮನ್ ಮತ್ತು ಹ್ಯಾಬ್ಸ್‌ಬರ್ಗ್ ಸಾಮ್ರಾಜ್ಯಗಳ ಗಡಿಯಾಗಿದ್ದ ಈ ತಗ್ಗಿನಲ್ಲಿ ಮನೆ ಕಟ್ಟುವ ಧೈರ್ಯ ಹೆಚ್ಚಿನವರಿಗೆ ಇರಲಿಲ್ಲ. ಆದರೆ ಅಂಚಿನಲ್ಲೇ ಬೆಜಾನಿಯಾ ಎಂಬ ಹಳೇ ಹಳ್ಳಿಯಿತ್ತು. 1937ರಲ್ಲಿ ನದಿದಂಡೆಯಲ್ಲಿ ವಸ್ತುಪ್ರದರ್ಶನದ ಮೈದಾನ ತೆರೆಯಿತು. 1941ರಲ್ಲಿ ನಾಜಿಗಳು ಅದನ್ನೇ ಸೆರೆಶಿಬಿರ ಮಾಡಿದರು. ಅಲ್ಲಿದ್ದ ಸಾವಿರಾರು ಯಹೂದಿ ಹೆಂಗಸರು, ಮಕ್ಕಳನ್ನು ಮರುವರ್ಷ ಕೊಂದರು.

ತಪ್ಪು ಕಲ್ಪನೆ: ಇದು ಸೋವಿಯತ್ ಮಾದರಿಯ ನಕಲು.

ಸತ್ಯ: ಕಾಮಗಾರಿ ಆರಂಭವಾದದ್ದು 1948ರ ಏಪ್ರಿಲ್ 11ರಂದು. ಯುವಜನರ ಶ್ರಮದಳಗಳು ಮರಳು ತುಂಬಿ ನೆಲ ಎತ್ತರಿಸತೊಡಗಿದ್ದವು. ಅದೇ ಜೂನ್‌ನಲ್ಲಿ ಯುಗೊಸ್ಲಾವಿಯಾದ ನಾಯಕ ಟಿಟೊ ಮತ್ತು ಸೋವಿಯತ್ ನಾಯಕ ಸ್ಟಾಲಿನ್ ನಡುವಿನ ಬಿರುಕು ಬಯಲಾಯಿತು. ಹಣ ಬತ್ತಿತು, ಕೆಲಸ ವರ್ಷಗಟ್ಟಲೆ ಕುಂಟಿತು. ವಸತಿ ಬ್ಲಾಕುಗಳು ದೊಡ್ಡ ಪ್ರಮಾಣದಲ್ಲಿ ಎದ್ದದ್ದು ಮುಂದಿನ ದಶಕಗಳಲ್ಲಿ. ಆ ಹೊತ್ತಿಗೆ ಇಲ್ಲಿನ ವಾಸ್ತುಶಿಲ್ಪಿಗಳ ಕಣ್ಣು ಆಧುನಿಕ ವಾಸ್ತುಶಿಲ್ಪಿ ಲ ಕಾರ್ಬುಸಿಯೆ ಮತ್ತು ಅವನ ಸಂಗಾತಿಗಳ ವಿಚಾರಗಳ ಮೇಲಿತ್ತು: ಮನೆಗೆ ಬಿಸಿಲು, ಗಾಳಿ, ಕಟ್ಟಡಗಳ ನಡುವೆ ಧಾರಾಳ ಹಸಿರು. ಅಚ್ಚು ಹಾಕಿದ ಕಾಂಕ್ರೀಟ್ ಭಾಗಗಳನ್ನು ಜೋಡಿಸುವ ತಂತ್ರವೂ ಸ್ವದೇಶಿ. ಎಂಜಿನಿಯರ್ ಬ್ರಾಂಕೊ ಜೆಜೆಲ್ ರೂಪಿಸಿದ ಆ ತಂತ್ರ ಕ್ಯೂಬಾಕ್ಕೂ ಹೋಯಿತು.

ತಪ್ಪು ಕಲ್ಪನೆ: ಸರ್ಕಾರ ಎಲ್ಲರಿಗೂ ಪುಕ್ಕಟೆ ಮನೆ ಹಂಚಿತು.

ಸತ್ಯ: ಈ ಫ್ಲ್ಯಾಟುಗಳು 'ಸಾಮಾಜಿಕ ಸ್ವತ್ತು', ಅಂದರೆ ಯಾರ ಖಾಸಗಿ ಆಸ್ತಿಯೂ ಆಗಿರಲಿಲ್ಲ. ಉದ್ಯಮಗಳು, ಸೇನೆ, ಕಚೇರಿಗಳು ಇವನ್ನು ತಮ್ಮ ನೌಕರರಿಗೆ ಹಂಚುತ್ತಿದ್ದವು. ವಸತಿ ನಿಧಿಗೆ ದುಡಿಯುವವರೆಲ್ಲರ ವಂತಿಗೆ ಸಲ್ಲುತ್ತಿತ್ತು. ಮನೆ ಮಾತ್ರ ಎಲ್ಲರಿಗೂ ಸಿಗಲಿಲ್ಲ. ಅಧಿಕಾರಿಗಳು, ಕುಶಲ ನೌಕರರು ಸಾಲಿನಲ್ಲಿ ಮುಂದಿದ್ದರು. ಕಾದು ಬೇಸತ್ತ ಬಹಳಷ್ಟು ಜನ ಕಲುಜೆರಿತ್ಸಾದಂಥ ಹೊರವಲಯದಲ್ಲಿ ಪರವಾನಗಿಯಿಲ್ಲದೆ ತಾವೇ ಮನೆ ಕಟ್ಟಿಕೊಂಡರು. 1990ರ ದಶಕದಲ್ಲಿ ಬ್ಲಾಕುಗಳ ಫ್ಲ್ಯಾಟುಗಳು ಅಗ್ಗದ ಬೆಲೆಗೆ ಅಲ್ಲಿದ್ದವರದೇ ಆದವು. ಹೀಗೆ ಮೊದಲ ಹಂಚಿಕೆಯ ಅಸಮಾನತೆ ಆಸ್ತಿಯ ಅಸಮಾನತೆಯಾಯಿತು.

ತಪ್ಪು ಕಲ್ಪನೆ: ಕಮ್ಯುನಿಸಂ ಹೋಯಿತು, ಊರೂ ಕಳೆಗುಂದಿತು.

ಸತ್ಯ: ರಾತ್ರಿ ಮಲಗಲಿಕ್ಕಷ್ಟೇ ಇರುವ ಊರು ಎಂಬ ದೂರು ಹಿಂದೆ ಇತ್ತು, ಅದರಲ್ಲಿ ಹುರುಳೂ ಇತ್ತು. ಈಗ ದೇಶದ ದೊಡ್ಡ ಕಂಪನಿಗಳ ಕಚೇರಿಗಳು ಇಲ್ಲಿಗೇ ಬರುತ್ತವೆ. ಕಮ್ಯುನಿಸ್ಟ್ ಪಕ್ಷದ ಕೇಂದ್ರ ಸಮಿತಿಯಿದ್ದ ಉಶ್ಚೆ ಗೋಪುರಕ್ಕೆ 1999ರಲ್ಲಿ ನ್ಯಾಟೊ ಬಾಂಬ್ ಬಿತ್ತು. ದುರಸ್ತಿಯಾದ ಅದು ಈಗ ವಾಣಿಜ್ಯ ಕಟ್ಟಡ, ಪಕ್ಕದಲ್ಲೇ ಮಾಲ್.

ಯೋಜಿತ ನಗರ ಎಂದರೆ ಯೋಜಿಸಿದಂತೆಯೇ ಬೆಳೆದ ನಗರವಲ್ಲ. ಯುಗೊಸ್ಲಾವ್ ಒಕ್ಕೂಟದ ರಾಜಧಾನಿಯಾಗಬೇಕೆಂದು ಕಂಡ ಕನಸು ಹೆಚ್ಚಾಗಿ ವಸತಿ ಬಡಾವಣೆಯಾಗಿ ನನಸಾಯಿತು. ಹಳೇ ಯೋಜನೆ ಬೇಕೆಂದೇ ಖಾಲಿ ಬಿಟ್ಟ ಜಾಗಗಳು ಇಂದು ಬಿಲ್ಡರುಗಳಿಗೆ ಚಿನ್ನದ ಬೆಲೆಯ ನಿವೇಶನಗಳು. ಅಲ್ಲಿ ಹೊಸ ಕಟ್ಟಡ ಬಂದಾಗ ನಿವಾಸಿಗಳು ಕಾಯಲು ಹೊರಡುವುದು ಆ ಯೋಜನೆ ಕಟ್ಟದೆ ಬಿಟ್ಟ ಹಸಿರನ್ನೇ.